ಅರಗಿನ ಡಬ್ಬಿಯೊಳಗಿನ ಬೋರ್ಡು

ಕಳೆದ ತಿಂಗಳು ಚನ್ನಪಟ್ಟಣಕ್ಕೆ ಹೋಗಿದ್ದೆ. ಅಕ್ಕನ ಮೊಮ್ಮಗಳಿಗೆ ಒಂದು ಗಿಲಕಿ ಬೇಕಾಗಿತ್ತು. ಹೆದ್ದಾರಿ ಪಕ್ಕದ ಅಂಗಡಿಗಳಲ್ಲಿ ಕೊಳ್ಳುವುದಕ್ಕಿಂತ ಮಾಡುವವರ ಹತ್ತಿರವೇ ತೆಗೆದುಕೊಳ್ಳೋಣ ಎಂದು ಆಟಿಕೆ ಮಾಡುವ ಮುನೀರ್ ಸಾಬರ ಬೀದಿಗೆ ತಿರುಗಿದೆ. ತಿರುಗಿದ್ದೇ ತಡ, ಬಿಸಿ ಅರಗಿನ ವಾಸನೆ ಬಂತು. ಲೇತಿನಲ್ಲಿ ಗಿರ್ರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರಲ್ಲ, ಉಜ್ಜಿದ ಕಾವಿಗೇ ಅದು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದಲ್ಲ, ಆಗ ಬರುವ ವಾಸನೆ. ಒಂದು ಥರಾ ಸಿಹಿ, ಒಂದು ಥರಾ ಸೀದದ್ದು. ಹಳೆಯ ವಾಸನೆ ಬಂದರೆ ಬೇರೆಯವರಿಗೆ ಕಣ್ಣು ತುಂಬುತ್ತದಂತೆ. ನನಗೆ ಸಿಟ್ಟು ಬಂತು.

ಆ ಚಳಿಗಾಲದ ಸಿಟ್ಟು ಇನ್ನೂ ಆರಿಲ್ಲ ಎಂದು ಗೊತ್ತಾದದ್ದೇ ಆಗ. ಒಂದು ಹವ್ಯಾಸಿ ರಾಕೆಟ್ಟಿಗೆ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ಆರಿಸಲು ಹೋಗಿ, ಅಣ್ಣನಂಥ ಮನುಷ್ಯನೊಬ್ಬನ ಜೊತೆ ಮಾತು ಬಿಟ್ಟುಹೋದ ಚಳಿಗಾಲ ಅದು.

ಅಣ್ಣನಂಥವನು ಅಂದರೆ ಬಸವರಾಜು. ನಮ್ಮದು ರಾಮನಗರ, ಅವನದೂ ರಾಮನಗರ. ನಾನು ಬಿಡದಿಯ ಒಂದು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತೇನೆ. ಅವನು ಅಲ್ಲಿಯ ಕೈಗಾರಿಕಾ ಪ್ರದೇಶದ ಬಿಡಿಭಾಗದ ಕಾರ್ಖಾನೆಯಲ್ಲಿ ಮೆಷಿನ್ನುಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಬೆಳಗಿನ ಅದೇ ಟ್ರೈನು, ಅದೇ ಬೋಗಿ, ಬಿಡದಿಯಲ್ಲಿ ಇಳಿದ ಮೇಲೆ ಅದೇ ತಟ್ಟೆ ಇಡ್ಲಿ ಹೋಟೆಲು. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಮೊದಲ ಸಲ ಮಾತಾಡಿಸಿದ್ದೇ, ನಾನು ಓದುತ್ತಿದ್ದ ಪುಸ್ತಕದೊಳಗೆ ತಲೆ ತೂರಿಸಿ, "ಆ ಸರ್ಕೀಟು ತಪ್ಪದೆ ಕಣವ್ವ" ಎಂದು. ತಪ್ಪಿರಲಿಲ್ಲ. ಅವತ್ತಿನಿಂದ ಜಗಳ, ಅವತ್ತಿನಿಂದಲೇ ಸ್ನೇಹ.

ಅವನಿಗೆ ರಾಕೆಟ್ಟಿನ ಹುಚ್ಚು. ದೀಪಾವಳಿಯ ರಾಕೆಟ್ಟಲ್ಲ. ಆಳುದ್ದದ್ದು, ರೆಕ್ಕೆ ಇರುವುದು, ಮೇಲೆ ಹೋಗಿ ಪ್ಯಾರಾಚೂಟು ಬಿಚ್ಚಿಕೊಂಡು ಮೆಲ್ಲಗೆ ಇಳಿಯುವಂಥದ್ದು. ವರ್ಷಗಟ್ಟಲೆ ಓದಿ, ರಟ್ಟು ಸುತ್ತಿ, ಅಂಟು ಹಚ್ಚಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ್ದ. ಅದನ್ನು ಹಾರಿಸುವ ಮೋಟಾರು ಎಲ್ಲರಿಗೂ ಸಿಗುವ ಸಾಮಾನಲ್ಲ. ಅನುಮತಿ ಇದ್ದ ಬೇರೆ ಊರಿನ ಕಾಲೇಜೊಂದರವರು ಒಂದೇ ಒಂದು ಮೋಟಾರು ತಂದು, ತಾವೇ ಎದುರಿಗೆ ನಿಂತು ಹಚ್ಚಿಕೊಡಲು ಒಪ್ಪಿದ್ದರು. ಠಾಣೆಗೆ, ತಾಲ್ಲೂಕು ಕಚೇರಿಗೆ ಅಲೆದದ್ದೆಲ್ಲ ಅವನೇ. ಹಾರಿಸುವ ಜಾಗ ಕನಕಪುರದ ಆಚೆ ದೊಡ್ಡಆಲಹಳ್ಳಿ ಕಡೆ, ಅವನ ತಂಗಿಯ ಗಂಡ ಶಿವಣ್ಣನ ಹೊಲ. ರಾಗಿ ಕುಯ್ದ ಮೇಲೆ ಹೊಲ ಖಾಲಿ ಬೀಳುತ್ತದಲ್ಲ, ಆಗ.

ಆ ದಸರೆಯ ಹೊತ್ತಿಗೆ ಕಾರ್ಖಾನೆಯಲ್ಲಿ ಸುದ್ದಿ ಬಂತು. ಸಂಕ್ರಾಂತಿ ಕಳೆದ ಮೇಲೆ ಅವನನ್ನು ಗುಜರಾತಿನ ಕಾರ್ಖಾನೆಗೆ ಹಾಕುತ್ತಾರೆ. ಅಂದರೆ ಹಾರಿಸಿದರೆ ಈ ಚಳಿಗಾಲ, ಇಲ್ಲದಿದ್ದರೆ ಇಲ್ಲ. ತಟ್ಟೆ ಇಡ್ಲಿಯ ಮುಂದೆ ಕೂತು ಅವನು ನನ್ನ ಕೈಲಿ ಒಂದೇ ಒಂದು ಕೆಲಸ ಇಟ್ಟ.

"ಮಿಕ್ಕಿದ್ದೆಲ್ಲ ನಂದು. ಒಳಗಿನ ಕಂಪ್ಯೂಟ್ರು ನಿಂದು. ಒಳ್ಳೇ ಬೋರ್ಡ್ ಆರ್ಸು. ಒಂದೇ ಒಂದ್ ಸಲ ಮೇಲಕ್ಕೋಗಿ, ಛತ್ರಿ ಬಿಚ್ಕಂಡು, ನನ್ ಕೈಗೆ ವಾಪಸ್ ಬರ್ಬೇಕು ಕಣವ್ವ. ಅಷ್ಟು ಮಾಡ್ಕೊಟ್ರೆ ಗುಜ್ರಾತಲ್ಲ, ಎಲ್ಲಿಗ್ ಹಾಕುದ್ರೂ ಹೋಯ್ತೀನಿ."

ಕೆಲಸ ನನ್ನದು ಅಂದಮೇಲೆ ಆಯ್ಕೆಯೂ ನನ್ನದು ತಾನೇ? ಹಾಗೆಂದುಕೊಂಡದ್ದೇ ನನ್ನ ದಡ್ಡತನ.

ಆ ಬೋರ್ಡು ಮಾಡಬೇಕಾದ್ದು ಬಹಳ ಇರಲಿಲ್ಲ. ಮೇಲಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅದನ್ನು ಅಳೆಯುವ ಚಿಕ್ಕ ಸೆನ್ಸರು ಬೋರ್ಡಿನ ಮೇಲಿರುತ್ತದೆ. ಒತ್ತಡ ಇಳಿಯುತ್ತಾ ಇಳಿಯುತ್ತಾ ಹೋಗಿ, ಒಂದು ಕಡೆ ನಿಂತು, ಮತ್ತೆ ಏರಲು ಶುರುವಾಯಿತೆಂದರೆ ರಾಕೆಟ್ಟು ನೆತ್ತಿ ಮುಟ್ಟಿ ತಿರುಗಿತು ಎಂದು ಅರ್ಥ. ಆಗ ಬೋರ್ಡು ಪ್ಯಾರಾಚೂಟನ್ನು ಹೊರಗೆ ತಳ್ಳಿಸಬೇಕು. ಇಷ್ಟೇ. ಇದಕ್ಕೆ ಹೆಬ್ಬೆರಳಿನಷ್ಟಗಲದ ಒಂದು ಬೋರ್ಡು ಸಾಕು. ಸ್ವಿಚ್ಚು ಹಾಕಿದ ಕೂಡಲೇ ಎದ್ದು ಕೂರುತ್ತದೆ, ಹೇಳಿದ ಒಂದು ಕೆಲಸ ಮಾಡುತ್ತದೆ, ಬೇರೆ ಯೋಚನೆ ಮಾಡುವುದಿಲ್ಲ. ನಾನು ಅದನ್ನೇ ಆರಿಸಿದೆ.

ಬಸವರಾಜಣ್ಣ ಅದನ್ನು ಅಂಗೈ ಮೇಲಿಟ್ಟುಕೊಂಡು, ಹೋಟೆಲಿನವನು ಚಟ್ನಿ ಕಡಿಮೆ ಹಾಕಿದಾಗ ಮಾಡುತ್ತಿದ್ದ ಮುಖವನ್ನೇ ಮಾಡಿದ.

"ಇದೇನವ್ವ ಇದು, ಉಗ್ರಷ್ಟೈತೆ."

"ಉಗುರಿನಷ್ಟು ಕೆಲಸ, ಉಗುರಿನಷ್ಟು ಬೋರ್ಡು."

"ಕ್ಯಾಮ್ರಾ ಎಲ್ ಹಾಕದು?"

ಶುರುವಾಯಿತು. ಅವನಿಗೆ ಕ್ಯಾಮೆರಾ ಬೇಕಂತೆ. ಬರೀ ಕ್ಯಾಮೆರಾ ಅಲ್ಲ, ಅದರ ಚಿತ್ರ ಆಗಿಂದಾಗಲೇ ಕೆಳಗಿರುವವರ ಮೊಬೈಲಿಗೆ ಬರಬೇಕಂತೆ. ಶಿವಣ್ಣ ತನ್ನ ಕುರಿಗಳನ್ನು ಆಕಾಶದಿಂದ ನೋಡಬೇಕಂತೆ. ಅದಕ್ಕೆ ಅವನು ನೋಡಿಟ್ಟಿದ್ದ ಬೋರ್ಡು ಅಂಗೈಯಗಲದ ಪೂರ್ತಿ ಕಂಪ್ಯೂಟರು. ಅದರಲ್ಲಿ ಪತ್ರ ಟೈಪು ಮಾಡಬಹುದು, ಸಿನಿಮಾ ನೋಡಬಹುದು. ಅದು ಎಚ್ಚರಾಗಿ ಕಣ್ಣುಜ್ಜಿಕೊಂಡು ಕೆಲಸಕ್ಕೆ ಕೂರುವಷ್ಟರಲ್ಲಿ ರಾಕೆಟ್ಟು ಮೇಲೆ ಹೋಗಿ ಕೆಳಗೂ ಬಂದಿರುತ್ತದೆ. ಮಧ್ಯದಲ್ಲಿ ಎಲ್ಲಾದರೂ ಕರೆಂಟು ಒಂದು ಕ್ಷಣ ತಡವರಿಸಿತೋ, ಮತ್ತೆ ಮೊದಲಿನಿಂದ ಎಚ್ಚರಾಗಬೇಕು. ಇದನ್ನೆಲ್ಲ ಟ್ರೈನಿನಲ್ಲಿ ನಿಂತುಕೊಂಡು ಹೇಳಿದೆ, ಕೂತುಕೊಂಡು ಹೇಳಿದೆ, ಬರೆದು ತೋರಿಸಿದೆ. ಅವನು ಅರ್ಧಕ್ಕೇ ಬಾಯಿ ಹಾಕಿ, "ನೀ ಹೇಳದು ಸರಿ. ಆದ್ರೂವೆ..." ಎನ್ನುತ್ತಿದ್ದ. ಆ "ಆದ್ರೂವೆ" ಕೇಳಿ ಕೇಳಿ ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಅಲ್ಲಿಗೂ ಮುಗಿಯಲಿಲ್ಲ. ರಾತ್ರಿಯೆಲ್ಲ ಯಾವ್ಯಾವುದೋ ದೇಶದವರ ವಿಡಿಯೋ ನೋಡುತ್ತಿದ್ದನೋ ಏನೋ, ಬೆಳಿಗ್ಗೆ ಟ್ರೈನು ಹತ್ತುವಾಗ ಹೊಸ ಬೋರ್ಡಿನ ಹೆಸರು ಬಾಯಲ್ಲಿರುತ್ತಿತ್ತು. ಒಂದರಲ್ಲಿ ಒದೆತ ಅಳೆಯುವ ಇನ್ನೊಂದು ಸೆನ್ಸರು ಇದೆಯಂತೆ. ಇನ್ನೊಂದರಲ್ಲಿ ಜಿಪಿಎಸ್ ಇದೆಯಂತೆ. ಮತ್ತೊಂದು ಕಾಡಿನಲ್ಲಿ ಬಿದ್ದರೂ ತಾನೇ ಕೂಗುತ್ತದಂತೆ. ಕೂಗುವ ಬೋರ್ಡಿನ ಬಗ್ಗೆ ಇಡೀ ಕಾರ್ತಿಕ ಮಾಸ ಮಾತಾಡಿದ್ದೇವೆ. ಆ ಕಾಲದಲ್ಲಿ ನನ್ನ ಎದುರಿಗೆ ಕೂರುತ್ತಿದ್ದ ಒಬ್ಬಾಕೆ ನಾವಿಬ್ಬರೂ ಗಂಡ ಹೆಂಡತಿ, ಮನೆಗೆ ಟೀವಿ ಕೊಳ್ಳಲು ಜಗಳವಾಡುತ್ತಿದ್ದೇವೆ ಅಂದುಕೊಂಡಿದ್ದಳಂತೆ.

ಈ ಗಲಾಟೆಯ ನಡುವೆ ಅವನಿಗೆ ಇನ್ನೊಂದು ಹೊಳೆಯಿತು. ರಾಕೆಟ್ಟಿನ ಮೈಯದೇ ಒಂದು ತುಂಡಾಗಿ ಹೊರಗೆ ಕಾಣುವ, ಬೋರ್ಡು ಕೂರುವ ಡಬ್ಬಿ ಪ್ಲಾಸ್ಟಿಕ್ಕಿನದಾಗಬಾರದು. ಚನ್ನಪಟ್ಟಣದ ಅರಗಿನ ಕೆಲಸದ್ದಾಗಬೇಕು.

"ನಮ್ಮೂರ್ ರಾಕೆಟ್ಟು ಅಂದ್ಮೇಲೆ ನಮ್ಮೂರ್ ಗುರ್ತು ಬ್ಯಾಡ್ವಾ? ಪೈಪ್ ಕುಯ್ದು ಹಾಕುದ್ರೆ ಬೋರ್‌ವೆಲ್ಲು ಹಾರ್ಸ್ದಂಗಾಯ್ತದೆ."

"ಅಣ್ಣ, ಮರ ಭಾರ. ಮರ ಉಬ್ಬುತ್ತೆ, ಕುಗ್ಗುತ್ತೆ."

"ಅರ್ಗ್ ಹಾಕಿದ್ ಮರ ಉಬ್ಬಕಿಲ್ಲ. ನೀ ಬೋರ್ಡ್ ನೋಡ್ಕೊ, ಡಬ್ಬಿ ನಂಗ್ ಬುಡು."

ಹಾಗೆ ನಾವು ಮುನೀರ್ ಸಾಬರ ಮನೆಗೆ ಹೋದದ್ದು. ಸಾಬರು ಮೂರು ತಲೆಮಾರಿನಿಂದ ಆಟಿಕೆ ಮಾಡುವವರು. ನಾವು ತಂದ ಅಳತೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಆಟಿಕೆ ಎಂದು ಕೇಳಿದರು. ಬಸವರಾಜಣ್ಣ ಆಕಾಶ ತೋರಿಸಿದ. ಸಾಬರಿಗೆ ಖುಷಿಯಾಯಿತು. ಆಟಿಕೆಗೆಂದೇ ಒಣಗಿಸಿಟ್ಟ ಆಲೆಮರದ ತುಂಡೊಂದನ್ನು ಹುಡುಕಿ ತಂದು, ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿದರು. "ಮೈ ತುಂಬಿರ್ಬೇಕು ಮೇಡಮ್ಮಾ. ಒಂದ್ ಸೂಜಿ ಮೊನೆಯಷ್ಟು ತೂತಿದ್ರೂ ನಮ್ ಮನೆ ಬಾಗ್ಲು ದಾಟ್ಬಾರ್ದು. ಮಕ್ಳು ಬಾಯ್ಗಿಟ್ಕೊಳೋ ಸಾಮಾನು ಮಾಡೋರು ನಾವು" ಎಂದರು. ಕೆಂಪು ಹಳದಿ ಪಟ್ಟೆ ಹಾಕಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಡಬ್ಬಿ ಒಂದು ವಾರದಲ್ಲಿ ಬಂತು. ಮುಚ್ಚಳ ಎಷ್ಟು ಬಿಗಿ ಅಂದರೆ ತೆಗೆದಾಗ ಪಟ್ ಎಂದು ಸದ್ದಾಗುತ್ತಿತ್ತು. ಚೆನ್ನಾಗಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಣ್ಣು ಕೀಳಲಾಗದಷ್ಟು ಚೆನ್ನಾಗಿತ್ತು.

ನಾನು ಮನೆಗೆ ತಂದು ಅದಕ್ಕೆ ಸುತ್ತ ಮೂರು ಕಡೆ ದಬ್ಬಳದ ಮೊನೆಯಷ್ಟು ಸಣ್ಣ ತೂತು ಕೊರೆದೆ. ಕೊರೆಯಲೇಬೇಕು. ಹೊರಗಿನ ಗಾಳಿ ಒಳಗೆ ಬಂದರೆ ತಾನೇ ಸೆನ್ಸರಿಗೆ ಎತ್ತರ ಗೊತ್ತಾಗುವುದು? ಪ್ಯಾರಾಚೂಟಿನ ಕಡೆಯಿಂದ ಹೊಗೆ ನುಗ್ಗದಂತೆ ತಳಕ್ಕೆ ರಬ್ಬರು ಕೂರಿಸಿ ಅಂಟು ಹಾಕಿ ಭದ್ರ ಮಾಡಿದೆ. ಗಾಳಿಗೆ ಆ ಮೂರು ತೂತು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬಸವರಾಜಣ್ಣ ತೂತು ನೋಡಿ, ಮಗುವಿಗೆ ಸೂಜಿ ಚುಚ್ಚಿಸಿದವನ ಹಾಗೆ ಮುಖ ತಿರುಗಿಸಿಕೊಂಡ.

ಕಾರ್ತಿಕದ ಕೊನೆಗೆ ಸೈಕ್ಲೋನು ಹಿಡಿಯಿತು. ಎಲ್ಲಿಯೋ ಸಮುದ್ರದಲ್ಲಿ ಎದ್ದದ್ದು ನಮ್ಮ ಕಡೆ ಬಂದು ಮೂರು ಹೊತ್ತೂ ಜಿಟಿಜಿಟಿ ಹನಿಯುತ್ತಾ ನಿಂತಿತು. ರಾಮದೇವರ ಬೆಟ್ಟ ಕಾಣಿಸದಾಯಿತು. ಕುಯ್ದ ರಾಗಿ ಹೊಲದಲ್ಲೇ ನೆನೆಯುತ್ತಾ ಬಿದ್ದಿತ್ತು. ಶಿವಣ್ಣನಿಗೆ ಫೋನು ಮಾಡಿದರೆ, "ಭಾವಾ, ನಿನ್ ರಾಕೆಟ್ ಬುಡು ಅತ್ಲಾಗೆ, ತೆನೆ ಮೊಳ್ಕೆ ಹೊಡೀತಾ ಐತೆ. ಮೆದೆ ಒಟ್ಟಗಂಟ ಹೊಲದ ತವ ಯಾರೂ ಬರ್ಬ್ಯಾಡಿ" ಎಂದು ಇಟ್ಟುಬಿಡುತ್ತಿದ್ದ. ಅವನ ಕಷ್ಟ ಅವನಿಗೆ. ಆದರೆ ಅವನು ಬೇಡ ಎಂದ ಒಂದೊಂದು ದಿನವೂ ಬಸವರಾಜಣ್ಣನಿಗೆ ಬೋರ್ಡು ಬದಲಾಯಿಸಲು ಸಿಕ್ಕ ಇನ್ನೊಂದು ದಿನ. ನಾನು ಮೋಡ ನೋಡಿ ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ತೀರ್ಮಾನ ಮಾಡಿಕೊಟ್ಟದ್ದು ಮಾಗಡಿ ರಸ್ತೆ. ಮಳೆಗೆ ಆ ದಾರಿ ಗುಂಡಿಯೋ ಗುಂಡಿ ಆಗಿತ್ತು. ಎರಡೂ ಬೋರ್ಡನ್ನು ಅವನ ಬೈಕಿನ ಹಿಂದಿನ ಕಂಬಿಗೆ ಒಟ್ಟಿಗೆ ಕಟ್ಟಿದೆವು. ರಾಕೆಟ್ಟು ಹೊರಡುವಾಗಿನ ಒದೆತಕ್ಕೆ ಯಾವುದು ತಡೆಯುತ್ತದೆ ನೋಡೋಣ ಎಂದು. ಅವನು ಓಡಿಸಿದ, ನಾನು ಹಿಂದೆ ಸ್ಕೂಟರಿನಲ್ಲಿ ಬಂದೆ. ಪ್ರತಿ ದೊಡ್ಡ ಗುಂಡಿಗೂ ಅವನ ಬೋರ್ಡಿನ ದೀಪ ಆರುತ್ತಿತ್ತು, ಮತ್ತೆ ಮೊದಲಿನಿಂದ ಎಚ್ಚರಾಗುತ್ತಿತ್ತು. ನನ್ನದು ಮಿಣುಕ್ ಮಿಣುಕ್ ಎಂದು ಹಾಗೇ ಇತ್ತು. ವಾಪಸು ಬರುವಾಗ ಬೇಕೆಂದೇ ನಿಧಾನವಾಗಿ, ಗುಂಡಿ ತಪ್ಪಿಸಿ ಓಡಿಸಿದ. ಆದರೂ ಆರಿತು.

ಬೈಕು ರಸ್ತೆಯ ಪಕ್ಕ ನಿಲ್ಲಿಸಿ, ಹೆಲ್ಮೆಟ್ಟು ತೆಗೆದ.

"ಆಯ್ತು. ನಿಂದೇ ಹಾಕು. ಆದ್ರೆ ಒಂದ್ ಮಾತು. ಛತ್ರಿ ಬಿಚ್ಕಳ್ನಿಲ್ಲ ಅಂದ್ರೆ ನಾನ್ ಯಾರ್ನೂ ಕೇಳಕಿಲ್ಲ, ನಿನ್ನೇ ಕೇಳದು."

"ಕೇಳು ಅಣ್ಣ. ನನ್ನನ್ನೇ ಕೇಳು."

ಗೆದ್ದ ಜಂಬದಲ್ಲಿ ಅಂದ ಮಾತು. ಆ ಚಳಿಗಾಲದಲ್ಲಿ ನನಗೆ ಸಿಕ್ಕಿದ ಒಂದೇ ಗೆಲುವು ಅದು.

ಮಳೆ ಬಿಟ್ಟಿತು. ಚುಮುಚುಮು ಚಳಿ ಬಂತು. ಶಿವಣ್ಣ ರಾಗಿಯ ಮೆದೆ ಒಟ್ಟಿ, ಬಾ ಎಂದ. ಬಸವರಾಜಣ್ಣ ಗುಜರಾತಿಗೆ ಹೊರಡುವ ಮುಂಚಿನ ಭಾನುವಾರ ಹಾರಿಸುವುದೆಂದು ಗೊತ್ತಾಯಿತು. ಅದರ ಹಿಂದಿನ ದಿನ ಡಬ್ಬಿ ಕೂರಿಸಿ ನೋಡುವಾಗ ಅವನ ಸ್ಕ್ರೂಡ್ರೈವರು ಜಾರಿ, ಹಳದಿ ಪಟ್ಟೆಯ ಮೇಲೆ ಉದ್ದಕ್ಕೆ ಗೀರಾಯಿತು. ಗೀರಿದ್ದರೆ ಇರಲಿ ಎಂದೆ. ಅವನು ಕೇಳುವವನೇ? "ಮುಖ ತೊಳಸ್ಕಂಡ್ ಬತ್ತೀನಿ" ಎಂದು ಡಬ್ಬಿ ಎತ್ತಿಕೊಂಡು ಚನ್ನಪಟ್ಟಣಕ್ಕೆ ಬೈಕು ಬಿಟ್ಟ. ಸಂಜೆಗೆ ಪೇಪರಿನಲ್ಲಿ ಸುತ್ತಿಸಿಕೊಂಡು ಬಂದ.

ಬೆಳಿಗ್ಗೆ ಹೊಲದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಲೇಜಿನವರು ಮೋಟಾರು ತಂದಿದ್ದರು, ಎಲ್ಲರನ್ನೂ ದೂರ ನಿಲ್ಲಿಸುತ್ತಿದ್ದರು. ಶಿವಣ್ಣ ಕುರಿಗಳನ್ನು ಆಚೆ ದಿನ್ನೆಗೆ ಹೊಡೆದು ಬಂದಿದ್ದ. ಬಸವರಾಜಣ್ಣನ ತಂಗಿ ರಾಕೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಕಾಯಿ ಒಡೆದಳು. ಕುಂಕುಮ ಎಲ್ಲಿ ತೂತಿನೊಳಗೆ ಹೋಗುತ್ತದೋ ಎಂದು ನಾನು ಗೊಣಗುತ್ತಾ ಬಟ್ಟೆಯಲ್ಲಿ ಡಬ್ಬಿಯನ್ನು ಸುತ್ತಲೂ ಒರೆಸಿದೆ. ಬೆರಳಿಗೆ ಎಷ್ಟು ನುಣುಪಾಗಿತ್ತು ಎಂದರೆ, ಆ ಸಿಟ್ಟಿನಲ್ಲೂ ಸಾಬರ ಕೈಯನ್ನು ಮೆಚ್ಚಿಕೊಂಡೆ. ಮುಚ್ಚಳ ತೆಗೆದು ಬೋರ್ಡು ಇಟ್ಟೆ. ದೀಪ ಮಿನುಗಿತು. ಪಟ್ ಎಂದು ಮುಚ್ಚಿದೆ.

ಹೊರಟದ್ದಂತೂ ಹೊರಟಿತು. ಬಿಳಿಯ ಗೆರೆ ಎಳೆದುಕೊಂಡು ನೆಟ್ಟಗೆ, ಒಂದಿಷ್ಟೂ ಅಲ್ಲಾಡದೆ ಹೋಯಿತು. ಕೆಂಪು ಹಳದಿ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಬಸವರಾಜಣ್ಣ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, ಬಾಯಿ ಬಿಟ್ಟು ನೋಡುತ್ತಿದ್ದ. ಅವನ ಮುಖ ಅಷ್ಟು ಚಿಕ್ಕ ಹುಡುಗನ ಮುಖದ ಹಾಗೆ ಆದದ್ದನ್ನು ನಾನು ಆಮೇಲೂ ನೋಡಿಲ್ಲ, ಮೊದಲೂ ನೋಡಿರಲಿಲ್ಲ. ನೆತ್ತಿ ಮುಟ್ಟಿತು. ಮೆಲ್ಲಗೆ ಮಗ್ಗುಲಾಯಿತು.

"ಈಗ" ಎಂದೆ.

ಏನೂ ಆಗಲಿಲ್ಲ. ಮೂತಿ ಕೆಳಗಾಯಿತು. "ಈಗ, ಈಗ" ಎಂದು ನಾನು ಕಿರುಚುತ್ತಲೇ ಇದ್ದೆ. ಅದು ಶಿಳ್ಳೆ ಹಾಕುತ್ತಾ ನೇರವಾಗಿ ಬಂದು ಹೊಲದ ಬದುವಿಗೆ ಹೊಡೆಯಿತು. ಓಡಿ ಹೋಗಿ ನೋಡಿದರೆ ಮೈಯೆಲ್ಲ ಚೂರು. ಪ್ಯಾರಾಚೂಟು ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಮಣ್ಣಿನಲ್ಲಿ ಹೂತುಹೋಗಿದ್ದ ಡಬ್ಬಿಯಿಂದ ಬೋರ್ಡು ಎಳೆದು, ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಬೋರ್ಡಿನ ಪ್ರಕಾರ ರಾಕೆಟ್ಟು ನೆಲ ಬಿಟ್ಟು ಮೇಲೆದ್ದೇ ಇರಲಿಲ್ಲ. ಅದು ಬರೆದುಕೊಂಡಿದ್ದ ಎತ್ತರದ ಗೆರೆ ನೆಲಕ್ಕೆ ಅಂಟಿಕೊಂಡಿತ್ತು.

ಬಸವರಾಜಣ್ಣ ಆ ಗೆರೆ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಸರಿಹೋಗುತ್ತಿತ್ತು.

"ಒಂದೇ ಒಂದ್ ಸಾಮಾನು ಕೇಳಿದ್ದೆ ಕಣವ್ವ ನಿನ್ನ. ಒಂದು ಬೋರ್ಡು."

ಇಷ್ಟು ಹೇಳಿ ಮಣ್ಣು ಮೆತ್ತಿದ ಮರದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ. ಮಾರನೆಯ ದಿನದಿಂದ ಟ್ರೈನಿಗೆ ಬರಲಿಲ್ಲ. ಆ ವಾರವೇ ಗುಜರಾತಿಗೆ ಹೋದನಂತೆ. ಹೇಳಿ ಹೋಗಲಿಲ್ಲ.

ನಾನು ಸುಮ್ಮನಿರಲಿಲ್ಲ. ಬೋರ್ಡನ್ನು ಜೇಬಿಗೆ ಹಾಕಿಕೊಂಡು ರಾಮದೇವರ ಬೆಟ್ಟ ಹತ್ತಿದೆ. ನಾನು ಹತ್ತಿದಷ್ಟನ್ನೂ ಬರೆದುಕೊಂಡಿತ್ತು, ಸುಸ್ತಾಗಿ ಕೂತದ್ದನ್ನೂ ಬರೆದುಕೊಂಡಿತ್ತು. ಇನ್ನೊಂದು ಸಲ ಹತ್ತಿದೆ. ಅದೇ. ಬೋರ್ಡಿಗೆ ಏನೂ ಆಗಿರಲಿಲ್ಲ. ಬೆಟ್ಟದ ಮೇಲೆ ಎತ್ತರ ಗೊತ್ತಾಗುವ ದರಿದ್ರದ್ದಕ್ಕೆ ಆಕಾಶದಲ್ಲಿ ಯಾಕೆ ಗೊತ್ತಾಗಲಿಲ್ಲ? ಪ್ರೋಗ್ರಾಮು ಸಾಲು ಸಾಲು ನೋಡಿದೆ. ಬ್ಯಾಟರಿ ನೋಡಿದೆ. ತೂತಿನ ವಿಷಯ ತಲೆಗೇ ಬರಲಿಲ್ಲ. ನನ್ನ ಕೈಯಾರೆ ಕೊರೆದ ತೂತು ಅದು; ತನ್ನ ಮೂಗಿನ ಹೊಳ್ಳೆ ಇದೆಯೋ ಇಲ್ಲವೋ ಎಂದು ಯಾರು ನೋಡಿಕೊಳ್ಳುತ್ತಾರೆ? ಬೆಟ್ಟದ ಗೆರೆಯನ್ನು ಬಸವರಾಜಣ್ಣನ ಮೊಬೈಲಿಗೆ ಕಳಿಸಿದೆ. ಒಂದು ದಿನ ಬಿಟ್ಟು ಕೈಮುಗಿದ ಚಿತ್ರ ಬಂತು. ಅಷ್ಟೇ, ಒಂದು ಅಕ್ಷರ ಇಲ್ಲ. ಆಮೇಲಿನ ವರ್ಷಗಳಲ್ಲಿ ಯುಗಾದಿಗೊಂದು ಬೇವಿನ ಚಿತ್ರ, ದೀಪಾವಳಿಗೊಂದು ದೀಪದ ಚಿತ್ರ. ಆ ಕೈಮುಗಿದ ಚಿತ್ರ ಬೈಗುಳಕ್ಕಿಂತ ಹೆಚ್ಚು ನೋಯಿಸಿತು ನನ್ನನ್ನು. ಜಗಳಕ್ಕೂ ಲಾಯಕ್ಕಿಲ್ಲದವಳಾದೆನಲ್ಲ ಎನಿಸಿತು. ಟ್ರೈನಿನಲ್ಲಿ ಬೇರೆ ಬೋಗಿಗೆ ಹತ್ತಲು ಶುರು ಮಾಡಿದೆ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡು ಕಳೆದ ತಿಂಗಳು ಮುನೀರ್ ಸಾಬರ ಬಾಗಿಲಲ್ಲಿ ನಿಂತೆ. ಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಓ, ರಾಕೆಟ್ ಮೇಡಮ್ಮಾ! ಬನ್ನಿ ಬನ್ನಿ. ಮೇಲಕ್ಕೋಯ್ತಾ ಅದು? ಆಮೇಲ್ ಯಾರೂ ಬಂದು ಯೋಳ್ನೇ ಇಲ್ವಲ್ಲ."

"ಹೋಯ್ತು ಸಾಬ್ರೆ. ನೆಟ್ಟಗೆ ಹೋಯ್ತು."

"ನನ್ಗೆ ಅದೇ ಯೋಚ್ನೆ ಆಗಿತ್ತು." ಅವರು ಲೇತು ನಿಲ್ಲಿಸಿ, ಗುಟ್ಟು ಹೇಳುವವರ ಹಾಗೆ ನನ್ನ ಕಡೆ ಬಗ್ಗಿದರು. "ಕಡೇ ದಿನ ಬಸುರಾಜಣ್ಣ ಗೀರ್ ಬಿದ್ದದೆ ಅಂತ ತಂದ್ರಲ್ಲ, ಆವಾಗ ನೋಡ್ತೀನಿ, ಮೂರ್ ಕಡೆ ತೂತು! ಎದೆ ದಸಕ್ ಅಂತು. ಹುಳ ಹೊಡ್ದಿರೋ ಮರ ಕೊಟ್ಬುಟ್ನಲ್ಲಪ್ಪ ಅಂತ. ಅದೂ ಆಕಾಶಕ್ಕೋಗೋ ಸಾಮಾನು. ಬುಡಕ್ಕಾಯ್ತದಾ? ಸಣ್ಣ ಕಡ್ಡಿ ಕೆತ್ತಿ ಒಳೀಕೆ ಬಡ್ದು, ಮೇಲೆ ಅರಗು ಹಾಕಿ, ಗರೀಲಿ ಉಜ್ಜಿ ಉಜ್ಜಿ, ಬೆರಳಾಡ್ಸುದ್ರೂ ಗೊತ್ತಾಗ್ಬಾರ್ದು ಅಂಗ್ ಮಾಡ್ದೆ. ಬಸುರಾಜಣ್ಣಂಗೆ ಯೋಳ್ನಿಲ್ಲ. ಹುಳುಕು ಮರ ಕೊಟ್ಟ ಅಂದ್ಕಂಡ್ರೆ ನನ್ ಮಾನ ಏನಾಗ್ಬೇಕು?"

ನಾನು ಅಲ್ಲೇ ಇದ್ದ ಮಣೆಯ ಮೇಲೆ ಕೂತೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಗಾಳಿಯೇ ಆಡದ ಡಬ್ಬಿಯೊಳಗೆ ಕೂತ ಬೋರ್ಡಿಗೆ ತಾನು ನೆಲದ ಮೇಲಿದ್ದೇನೋ ಆಕಾಶದಲ್ಲಿದ್ದೇನೋ ತಿಳಿಯುವುದು ಹೇಗೆ? ಅದು ಕಂಡದ್ದನ್ನೇ ಬರೆದಿತ್ತು, ಪಾಪ. ಒಂದು ಚಳಿಗಾಲ ಪೂರ್ತಿ ನಾವು ಜಗಳವಾಡಿದ್ದು ಬೋರ್ಡಿನ ಬಗ್ಗೆ. ತೂತಿನ ಬಗ್ಗೆ ಸಾಬರಿಗೆ ಒಂದು ಮಾತು ಹೇಳಲು ನಮ್ಮಿಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ.

ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. "ಯಾಕ್ ಮೇಡಮ್ಮಾ? ಮೇಲೋದಾಗ ಬಣ್ಣ ಏನಾರ ಬಿಟ್ಕಂಡ್ತಾ?"

ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. "ಇಲ್ಲ ಸಾಬ್ರೆ. ಬಣ್ಣ ಒಂದಿಷ್ಟೂ ಹೋಗಿರಲಿಲ್ಲ" ಎಂದೆ. ಅದು ನಿಜವೂ ಹೌದು. ಅವರು ನಿರಾಳವಾಗಿ ನಕ್ಕು ಗಿಲಕಿಯನ್ನು ನನ್ನ ಕಿವಿಯ ಹತ್ತಿರ ಆಡಿಸಿ ತೋರಿಸಿದರು.

ಸ್ಟೇಷನ್ನಿಗೆ ಬಂದು, ಟ್ರೈನು ಹತ್ತಿ, ಕೂತ ಕೂಡಲೇ ಬಸವರಾಜಣ್ಣನಿಗೆ ಫೋನು ಮಾಡಿದೆ. ಇಷ್ಟು ವರ್ಷಕ್ಕೆ ಮೊದಲ ಸಲ.

"ಅಣ್ಣ, ನಾನು ಸುಧಾ. ಆ ಮರದ ಡಬ್ಬಿ ಏನು ಮಾಡಿದೆ?"

"ಟೀವಿ ಪಕ್ಕ ಮಡ್ಗಿವ್ನಿ. ಯಾಕೆ?"

ಇಟ್ಟುಕೊಂಡಿದ್ದಾನೆ. ಒಡೆದುಹೋದ ರಾಕೆಟ್ಟಿನದೊಂದು ತುಂಡನ್ನು, ಅಷ್ಟು ದೂರ ಹೊತ್ತುಕೊಂಡು ಹೋಗಿ.

"ಅದರ ಮೇಲೆ ತೂತು ಎಲ್ಲಿದೆ ನೋಡು."

ಎದ್ದು ಹೋದ ಸದ್ದು. ಯಾರೊಡನೆಯೋ "ಒಸಿ ಲೈಟ್ ಹಾಕಮ್ಮಿ" ಎಂದದ್ದು. ಆಮೇಲೆ ಮರದ ಮೇಲೆ ಬೆರಳಾಡಿಸಿದ ಸದ್ದು.

"ಎಲ್ಲಾ ಕಡೆ ತಡ್ವಿ ನೋಡ್ದೆ ಕಣವ್ವ. ತೂತೇ ಇಲ್ಲ."

ಸಾಬರು ಹೇಳಿದ್ದನ್ನೆಲ್ಲ ಹೇಳಿದೆ. ಅವನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದ. ನನ್ನ ಮಾತನ್ನು ಅವನು ಹಾಗೆ ಪೂರ್ತಿ ಕೇಳಿದ್ದು ಅದೇ ಮೊದಲು.

"ಅಂಗಾರೆ ನಿನ್ ಬೋರ್ಡ್ ತಪ್ಪೇನಿರ್ನಿಲ್ಲ" ಎಂದ. "ನಾನೇ ಅಲ್ವಾ ಮುಖ ತೊಳ್ಸಕ್ಕೆ ತಕ್ಕಂಡೋದೋನು. ನಿನ್ಗೆ ಸುಮ್ಕೆ ಅಂದ್ಬುಟ್ಟೆ ಕಣವ್ವ ಆವತ್ತು."

ಈ ಒಂದು ಮಾತಿಗೆ ನಾನು ಇಷ್ಟು ವರ್ಷ ಕಾದುಕೊಂಡಿದ್ದೆ ಎಂದು ಆಗಲೇ ನನಗೆ ಗೊತ್ತಾದದ್ದು. ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಪಕ್ಕದವಳು ಕಿಟಕಿಯ ಕಡೆ ತಿರುಗಿಕೊಂಡಳು.

"ಆದ್ರೂವೆ..." ಎಂದ.

"ಏನು ಆದ್ರೂವೆ?"

"ನನ್ ಬೋರ್ಡ್ ಹಾಕಿದ್ರೆ ಒದೆತದ ಸೆನ್ಸರ್ ಹಾಕ್ಬೋದಿತ್ತು. ತೂತ್ ಮುಚ್ಚಿದ್ರೂ ಛತ್ರಿ ಬಿಚ್ಕಳದು."

"ಬಿಚ್ಚಿಕೊಳ್ಳುತ್ತಿತ್ತಾ? ಮಾಗಡಿ ರಸ್ತೆ ಮರೆತುಹೋಯ್ತಾ? ಒಂದು ಗುಂಡಿಗೆ ಮೂರು ಸಲ ಮಲಗೋ ಬೋರ್ಡು ಅದು!"

"ಅದು ಬ್ಯಾಟ್ರಿ ಸಣ್ಣದಾಗಿತ್ತು. ದೊಡ್ ಬ್ಯಾಟ್ರಿ ಹಾಕಿದ್ರೆ..."

"ದೊಡ್ಡ ಬ್ಯಾಟರಿ ಹಾಕಿದ್ದರೆ ರಾಕೆಟ್ಟು ಮೆದೆಯಷ್ಟು ಎತ್ತರಕ್ಕೂ ಹೋಗುತ್ತಿರಲಿಲ್ಲ! ಮೊದಲೇ ನಾನು ಪೈಪು ಹಾಕು ಅಂದೆ, ನೀನು ಮರ ಬೇಕು ಅಂದೆ. ಈಗ ಬೋರ್ಡು ಅಂತೀಯ. ಅಣ್ಣ, ನಾನು ಫೋನ್ ಇಡ್ತೀನಿ."

"ಇಡು ನೋಡಾನ."

ಇಡಲಿಲ್ಲ. ಟ್ರೈನಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನೋಡಲಿ. ತೂಕ, ಬ್ಯಾಟರಿ, ಕೂಗುವ ಬೋರ್ಡು, ಕ್ಯಾಮೆರಾ, ಎಲ್ಲವೂ ಮತ್ತೆ ಬಂದವು. ಒಂದೂ ಮರೆತಿರಲಿಲ್ಲ ಅವನು. ಜನ ಇಳಿದರು, ಹತ್ತಿದರು. ಟ್ರೈನು ಇನ್ನೊಂದು ಸಲ ನಿಂತಾಗ ತಲೆ ಎತ್ತಿ ಹಲಗೆ ನೋಡಿ, ಗಿಲಕಿಯ ಚೀಲ ಹಿಡಿದುಕೊಂಡು ದಡಬಡನೆ ಇಳಿದೆ.

"ಏನವ್ವ ಅದು ಸದ್ದು? ಎಲ್ಲಿದ್ದೀಯೆ?" ಎಂದು ಕೇಳಿದ.

"ಬಿಡದಿ."

"ಭಾನ್ವಾರ ಬಿಡದಿಗ್ಯಾಕೆ ಹೋದೆ? ರಾಮನಗರದಲ್ಲಿ ಇಳೀನಿಲ್ವಾ?"

"ನಿನ್ನ ಬೋರ್ಡಿನ ದೆಸೆಯಿಂದ" ಎಂದೆ.